ದೊಡ್ಡಮ್ಮನ ಗಾಡಿಯ ಜಾಡು

ಕಾರಿನವರನ್ನು ಬೈದು ಬೈದು ನನ್ನ ಬಾಯಿ ಒಣಗಿತ್ತು. ನಾನು ಮರುಭೂಮಿಯ ಕಾಡುಪ್ರಾಣಿ ಪಾರ್ಕಿನ ಗಾರ್ಡ್; ಕುಯಿಸೆಬ್ ಹೊಳೆಯಾಚೆಯ ಮರಳದಿಣ್ಣೆ ಕಾಯುವುದು ನನ್ನ ಕೆಲಸ. ಅಲ್ಲಿ ಕಾರು ಹತ್ತಿಸಬಾರದು, ಡೇರೆ ಹಾಕಬಾರದು. ಆದರೂ ವಾರವಾರ ಯಾರೋ ಬಂದು ಕರಬೂಜದಂಥ ಹಣ್ಣು ಬಿಡುವ ನಾರಾ ಮುಳ್ಳುಪೊದೆಗಳ ಮೇಲೇ ಕಾರು ಹಾಯಿಸಿ, ಒಣಗಿದ ಮುಳ್ಳಿಗೆ ಬೆಂಕಿ ಹಾಕಿ, ಮಾಂಸ ಸುಟ್ಟು ತಿಂದು ಹೋಗುತ್ತಿದ್ದರು.

ಆ ಪೊದೆಗಳು ದೊಡ್ಡಮ್ಮ ಡೋರ್ಕಾಸಳವು. ಅವಳ ಅಜ್ಜಿಯ ಕಾಲದಿಂದಲೂ ಆ ಮನೆಯವರೇ ಅಲ್ಲಿ ಹಣ್ಣು ಕೀಳುವುದು. ಈಗ ಕಚೇರಿಯವರು ಹೇಳಿಬಿಟ್ಟಿದ್ದರು: ಈ ಸುಗ್ಗಿಯೊಳಗೆ ಕಾರು ನಿಲ್ಲದಿದ್ದರೆ ದಿಣ್ಣೆಗೆ ಬೇಲಿ, ಆಮೇಲೆ ದೊಡ್ಡಮ್ಮನೂ ಕಾಲಿಡುವಂತಿಲ್ಲ. ದಿನಾ ಕೊಂಬೆ ಎಳೆದು ದಿಣ್ಣೆಯ ಮೇಲಿನ ಜಾಡು ಅಳಿಸುತ್ತಿದ್ದೆ. ಅದು ಮತ್ತೆ ಮೂಡುತ್ತಿತ್ತು.

ಒಂದು ದಿನ ಡೇರೆ ಹಾಕುತ್ತಿದ್ದ ಪೇಟೆಯ ಹುಡುಗನೊಬ್ಬ ಸಿಕ್ಕಿಬಿದ್ದ.

"ಬೋರ್ಡು ಕಾಣ್ಲಿಲ್ವಾ? ಕಣ್ಣೇನು ಮನೇಲಿ ಬಿಟ್ಟು ಬಂದ್ಯಾ?"

"ಕಾಣ್ತು ಮೇಡಂ. ಆದ್ರೆ ರಸ್ತೆಯಿಂದ್ಲೇ ಟೈರ್ ಗುರುತು ಇತ್ತಲ್ಲ, ದಾರಿ ಅಂದ್ಕೊಂಡೆ."

ಅವನನ್ನು ಕಳಿಸಿ, ಜಾಡು ಶುರುವಾಗುವ ಜಾಗಕ್ಕೆ ಮೊದಲ ಸಲ ಹೋಗಿ ನೋಡಿದೆ. ಎರಡು ಟೈರಿನ ಗೆರೆ, ನಡುವೆ ಕತ್ತೆಯ ಗೊರಸಿನ ಗುರುತು. ಅಯ್ಯೋ ದೇವರೇ, ಇದು ದೊಡ್ಡಮ್ಮನ ಗಾಡಿಯ ಜಾಡು! ಸತ್ತುಹೋದ ದೊಡ್ಡಪ್ಪ ಯೋನಾಸ್ ಹಳೇ ಕಾರಿನ ಅಚ್ಚು, ಟೈರು ಜೋಡಿಸಿ ಕಟ್ಟಿದ್ದ ಕತ್ತೆಗಾಡಿ ಅದು. ನಮ್ಮಲ್ಲಿ ಎಲ್ಲರ ಗಾಡಿಯೂ ಹಾಗೇ, ಆದರೆ ಈ ದಿಣ್ಣೆಗೆ ಬರುವುದು ಅವಳದೊಂದೇ.

ನೇರ ಅವಳ ಮನೆಗೆ ಓಡಿದೆ. "ದೊಡ್ಡಮ್ಮಾ, ಕಾರಿನೋರಿಗೆ ದಾರಿ ತೋರಿಸ್ತಿರೋದು ನಿನ್ ಗಾಡಿ ಕಣೇ."

"ಹೋಗೇ! ಕುಣೀಲಾರದೋಳಿಗೆ ನೆಲ ಡೊಂಕು. ಕಾರು ತಡೆಯಕ್ಕಾಗ್ದೆ ನನ್ ಗಾಡಿ ಮೇಲೆ ಬಂದ್ಯಾ?"

ಬೈಯುತ್ತಲೇ ರಸ್ತೆಯವರೆಗೆ ಬಂದು ಬಗ್ಗಿ ನೋಡಿದಳು. ಟೈರಿನ ಗುರುತನ್ನು ಬೆರಳಿನಿಂದ ಮುಟ್ಟಿದಳು.

"ನಡ್ಕೊಂಡ್ ಹೋಗಕ್ಕೆ ಈ ಮಂಡಿ ತಡೆಯುತ್ತೇನೇ?" ಎಂದಳು ಕೊನೆಗೆ. ನಾನು ಕೊಂಬೆ ಎಳೆದು ರಸ್ತೆಯಂಚಿನಿಂದಲೇ ಜಾಡು ಅಳಿಸತೊಡಗಿದೆ.

ಮರುದಿನ ಬೆಳಿಗ್ಗೆ ಗಾಡಿಯನ್ನು ಜಾಡು ಶುರುವಾಗುತ್ತಿದ್ದ ರಸ್ತೆಯ ತಿರುವಿಗೆ ತಂದು ಅಡ್ಡ ನಿಲ್ಲಿಸಿದಳು. ಕತ್ತೆಗಳನ್ನು ಬಿಚ್ಚಿ ಅವುಗಳ ಬೆನ್ನಿಗೆ ಚೀಲ ಹೇರಿದಳು. ಟೈರಿನ ಗಾಳಿಯನ್ನು ತಾನೇ ಬಿಟ್ಟಳು.

"ನಿನ್ ದೊಡ್ಡಪ್ಪ ಬದುಕಿದ್ದಾಗ ಒಂದ್ ಗಳಿಗೆ ಸುಮ್ನೆ ಕೂತೋನಲ್ಲ. ಈಗ್ಲೂ ಕೆಲ್ಸ ಮಾಡ್ಲಿ ಬಿಡು."

ಕೋಲು ಊರಿಕೊಂಡು, ಕೂತು ಎದ್ದು, ದಿಣ್ಣೆ ಹತ್ತಿದಳು. ಸಂಜೆ ಒಂದು ಕಾರು ಬಂತು. ಗಾಡಿಯ ಮುಂದೆ ನಿಂತು ಹಾರನ್ ಹೊಡೆಯಿತು. ಯಾರೂ ಬರದೆ, ಆಚೆ ಜಾಡೂ ಕಾಣದೆ ಹಿಂದಕ್ಕೆ ತಿರುಗಿತು.

"ಭೇಷ್, ಯೋನಾಸ್!" ಮೇಲಿನಿಂದ ದೊಡ್ಡಮ್ಮ ಕೂಗಿದಳು.

ಸುಗ್ಗಿ ಮುಗಿದರೂ ಬೇಲಿ ಬರಲಿಲ್ಲ. ಈಗ ಪ್ರತಿ ಸುಗ್ಗಿಯಲ್ಲೂ ದಿಣ್ಣೆಯಿಳಿದು ಬರುವಾಗ ದೊಡ್ಡಮ್ಮ ಮೊದಲ ಹಣ್ಣಿನ ಹೋಳೊಂದನ್ನು ಆ ಗಾಡಿಯ ಮೇಲಿಟ್ಟು ಹೋಗುತ್ತಾಳೆ.