ಎಡಗಾಲಿಗೊಂದು, ಬಲಗಾಲಿಗೊಂದು

ನಮ್ಮ ಮನೆಯವರಿಗೆ ಚಪ್ಪಲಿ ಅಂಗಡಿಯಲ್ಲಿ ಕೆಲಸ. ಇಪ್ಪತ್ತೊಂದು ವರ್ಷದಿಂದ ಗಿಡ್ಡ ಸ್ಟೂಲಿನ ಮೇಲೆ ಕೂತು ಊರವರ ಕಾಲನ್ನೆಲ್ಲ ತೊಡೆ ಮೇಲಿಟ್ಟುಕೊಂಡು ಉಪಚಾರ ಮಾಡಿದ್ದಾರೆ. ಈ ಬೇಸಿಗೆಗೆ ಅವರ ಯಜಮಾನರಿಗೆ ಕಾಲಿನ ಕ್ರೀಮೂ, ಪೌಡರೂ ಮಾರುವ ಹುಕಿ ಬಂತು. ಮೊದಲು ನಿಮ್ಮ ನಿಮ್ಮ ಮನೆಯಲ್ಲಿ ಹತ್ತು ದಿನ ಹಚ್ಚಿ ನೋಡಿ, ಯಾವುದು ಚೆನ್ನಾಗಿದೆ ಹೇಳಿ ಅಂತ ಎಲ್ಲರಿಗೂ ಒಂದೊಂದು ಚೀಲ ಕೊಟ್ಟು ಕಳಿಸಿದರು. ಜೊತೆಗೆ ಪ್ರಶ್ನೆಗಳ ಹಾಳೆ ಬೇರೆ. ವಾಸನೆ ಹೇಗಿದೆ, ಅಂಟುತ್ತದೆಯೇ, ಒಡಕು ಎಷ್ಟು ದಿನಕ್ಕೆ ಮುಚ್ಚಿತು.

ಒಡಕಿಗೇನು ಬರ. ನಾನು ಬೇಕರಿಯ ಒಲೆ ಮುಂದೆ ದಿನಕ್ಕೆ ಎಂಟು ಗಂಟೆ ನಿಲ್ಲುವವಳು. ಬೇಸಿಗೆ ಬಂತೆಂದರೆ ನನ್ನ ಹಿಮ್ಮಡಿ ಹೊದಿಕೆಗೆ ಸಿಕ್ಕಿಕೊಂಡು ನೂಲು ಎಳೆಯುತ್ತದೆ. ಆದರೂ ನಿಜ ಹೇಳಲಾ? ನನಗೆ ಕ್ರೀಮೂ ಬೇಕಿರಲಿಲ್ಲ, ಗೀಮೂ ಬೇಕಿರಲಿಲ್ಲ. ಊರವರ ಕಾಲು ನೋಡುವ ಈ ಮನುಷ್ಯ ಒಂದೇ ಒಂದು ಸಲ ನನ್ನ ಕಾಲನ್ನು ಕಣ್ಣಾರೆ ನೋಡಲಿ ಅಂತಿತ್ತು, ಅಷ್ಟೇ.

ಸರಿ, ಶುರು ಮಾಡಿದೆ. ಎಡಗಾಲಿಗೆ ಟ್ಯೂಬಿನದು, ಬಲಗಾಲಿಗೆ ಡಬ್ಬಿಯದು. ಸಕ್ಕರೆ ಕಾಳಿನಂಥ ಪುಡಿ ಇದ್ದ ಇನ್ನೊಂದನ್ನು ಬಚ್ಚಲಲ್ಲಿ ಕೂತು ತಿಕ್ಕಿದ್ದೇ ತಿಕ್ಕಿದ್ದು. ಹಿಮ್ಮಡಿಗೆ ಹಾಕುವ ರಬ್ಬರ್ ಕಾಲುಚೀಲ ಹಾಕಿಕೊಂಡು ಎರಡು ಹೆಜ್ಜೆ ಇಟ್ಟೆ ನೋಡಿ, ಬಚ್ಚಲಿನ ಬಾಗಿಲಿಂದ ಅಡುಗೆಮನೆಯವರೆಗೆ ಜಾರಿಕೊಂಡೇ ಹೋದೆ. ತಣ್ಣನೆಯ ಸ್ಪ್ರೇ ಮಾತ್ರ ನನ್ನ ಕೈಗೆ ಸಿಗಲೇ ಇಲ್ಲ. ಅತ್ತೆ ಅದನ್ನು ಮೊದಲ ದಿನವೇ ವಶಪಡಿಸಿಕೊಂಡು, ಫ್ಯಾನಿನ ಕೆಳಗೆ ಕಾಲು ಚಾಚಿ, ಈ ವಯಸ್ಸಿನಲ್ಲಿ ನನ್ನ ಪಾದಕ್ಕೂ ಏಸಿ ಬಂತು ಕಣೇ ಅಂತ ಬೀಗುತ್ತಿದ್ದರು.

ಇವರೋ, ಸಂಜೆ ಬಂದವರೇ ಹಾಳೆ ಹಿಡಿದು ಕೂರುತ್ತಿದ್ದರು. ಎಡಗಾಲು ಹೇಗಿದೆ, ಬಲಗಾಲು ಹೇಗಿದೆ ಅಂತ ಕೇಳುವುದು, ಬರೆದುಕೊಳ್ಳುವುದು. ಕಾಲು ಇಲ್ಲೇ ಇದೆಯಲ್ಲ, ನೋಡಿ ಅಂದರೆ, ನೀನೇ ಹೇಳು, ದಿನವಿಡೀ ನೋಡಿ ಸಾಕಾಗಿದೆ ಅನ್ನುವುದು. ನನಗೆ ಮೈಯೆಲ್ಲ ಉರಿದುಹೋಯಿತು. ಒಂಬತ್ತನೇ ದಿನ ಬೇಕೆಂದೇ ಬಲಗಾಲಿನ ಒಡಕು ದುಪ್ಪಟ್ಟಾಗಿದೆ ಅಂದೆ. ಪುಣ್ಯಾತ್ಮ ತಲೆ ಎತ್ತದೆ ಅದನ್ನೂ ಬರೆದುಕೊಂಡರು. ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಹತ್ತನೇ ದಿನ ಅವರಿಗೆ ರಜೆ. ಮಧ್ಯಾಹ್ನ ಊಟ ಮುಗಿಸಿ ಮತ್ತೆ ಅದೇ ಹಾಳೆ ತೆಗೆದರು. ನಾನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ.

"ಇವತ್ತು ನಾನು ಏನೂ ಹೇಳಲ್ಲ ರೀ. ಗಿರಾಕಿ ಅಂದ್ಕೊಂಡಾದ್ರೂ ಒಂದ್ಸಲ ನೋಡಿ."

ನನ್ನ ಮುಖ ನೋಡಿದರು. ಏನನ್ನಿಸಿತೋ, ಬಚ್ಚಲಿನ ಸ್ಟೂಲು ತಂದು ಕೂತು ನನ್ನ ಎಡಗಾಲನ್ನು ತೊಡೆ ಮೇಲಿಟ್ಟುಕೊಂಡರು. ಹಿಮ್ಮಡಿ ಮೇಲೆ ಹೆಬ್ಬೆರಳು ಆಡಿಸಿ, ಮುಚ್ಚಿದೆಯಲ್ಲ ಅಂದರು. ಹಾಳೆಗೆ ಅಷ್ಟು ಸಾಕಿತ್ತು. ಆದರೆ ಕೈ ಅಲ್ಲಿಗೆ ನಿಲ್ಲಲಿಲ್ಲ. ಅಂಗಾಲು ದಾಟಿ, ಒಳಕ್ಕೆ ಮಡಚಿಕೊಂಡಿದ್ದ ಕಿರುಬೆರಳಿನ ಹತ್ತಿರ ಬಂತು. ಅದರ ಮೇಲಿನ ಆಣಿಯನ್ನು ಒತ್ತಿದರು. ನಾನು ಸ್ಸ್ ಅಂದೆ. ಗೇಣು ಹಾಕಿ ಅಳೆದರು, ಇನ್ನೊಮ್ಮೆ ಅಳೆದರು.

"ನಿನ್ನ ಸೈಜು ಆರಲ್ಲ ಕಣೇ, ಏಳು," ಅಂದರು.

ಮದುವೆಯಾದಾಗಿನಿಂದ ನನ್ನ ಚಪ್ಪಲಿ ತರುವವರು ಅವರೇ, ತರುವುದು ಆರೇ. ಹೊಸ ಚಪ್ಪಲಿ ಎಲ್ಲರಿಗೂ ಕಚ್ಚುತ್ತದೆ ಅಂದುಕೊಂಡು ನಾನು ಹಾಕುತ್ತಲೇ ಇದ್ದೆ.

"ಇಷ್ಟು ವರ್ಷ ಬಿಗಿಯಾಗ್ತಿತ್ತಲ್ಲ, ಒಂದು ಮಾತು ಹೇಳಬಾರದಾಗಿತ್ತಾ?"

"ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಬೈಯಲು ಹತ್ತು ದಿನದಿಂದ ಮಾತು ಜೋಡಿಸಿಟ್ಟುಕೊಂಡಿದ್ದವಳು ಕುರ್ಚಿಗೆ ಒರಗಿ ಕೂತೆ. ಅವರು ತಲೆ ತಗ್ಗಿಸಿ ಆ ಕಿರುಬೆರಳನ್ನು ಮೆಲ್ಲಗೆ ನೇರ ಮಾಡುತ್ತಾ ಕೂತಿದ್ದರು. ಹಾಳೆ ಫ್ಯಾನಿನ ಗಾಳಿಗೆ ಮಂಚದ ಕೆಳಗೆ ಹೋಯಿತು. ಇಬ್ಬರೂ ಏಳಲಿಲ್ಲ. ನನಗೆ ಸಂತೋಷವಾಗಿತ್ತು, ಮುಚ್ಚಿಡುವುದೇನು ಬಂತು.

ಎಷ್ಟೋ ಹೊತ್ತಿನ ಮೇಲೆ, "ಆ ಕಾಲೂ ಕೊಡು," ಅಂದರು. ಕೊಟ್ಟೆ.