ಶಂಕ್ರವ್ವನ ಭಾನುವಾರ

ಮನೆಯಲ್ಲಿ ಪುಟ್ಟ ಮಗು ಇದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಬೇಕು. ಮಗುವನ್ನು ಯಾರ ಕೈಗೆ ಕೊಟ್ಟು ಹೋಗುವುದು? ನಮ್ಮ ಬಡಾವಣೆಗಳಲ್ಲಿ ಈ ಪ್ರಶ್ನೆ ಇಲ್ಲದ ಬೀದಿಯೇ ಇಲ್ಲ.

ಉತ್ತರಹಳ್ಳಿಯ ಒಂದು ಕಟ್ಟಡದಲ್ಲಿ ಎದುರುಬದುರು ಮನೆಯವರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಒಂದು ಮನೆಯ ಹೇಮಶ್ರೀ ಜಯನಗರದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಗಂಡ ದೀಪಕ್ ಪೀಣ್ಯಕ್ಕೆ ಕೆಲಸಕ್ಕೆ ಹೋಗುತ್ತಾನೆ. ಮಗಳು ಧೃತಿ. ಎದುರು ಮನೆಯ ರೇವಂತ್ ಮತ್ತು ಅವನ ಹೆಂಡತಿ ಬನಶಂಕರಿಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಾರೆ. ಮಗ ಚಿರಂತ್. ಮಕ್ಕಳಿಬ್ಬರಿಗೂ ಇನ್ನೂ ಎರಡು ವರ್ಷ ತುಂಬಿಲ್ಲ. ಇಬ್ಬರನ್ನೂ ನೋಡಿಕೊಳ್ಳಲು ಒಬ್ಬಳೇ ಆಯಾ, ಶಂಕ್ರವ್ವ. ಕೊಪ್ಪಳದ ಕಡೆಯವಳು. ವಸಂತಪುರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ. ಅವಳ ಸಂಬಳವನ್ನು ಎರಡೂ ಮನೆಯವರು ಅರ್ಧರ್ಧ ಹಂಚಿಕೊಂಡು ಕೊಡುತ್ತಿದ್ದರು.

ಒಂದು ಸಂಜೆ ಹೇಮಶ್ರೀ ಕಾಲೇಜಿನಿಂದ ಬಂದಾಗ ಧೃತಿ ಶಂಕ್ರವ್ವನ ತೊಡೆಯ ಮೇಲೆ ಮಲಗಿದ್ದಳು.

"ಅಕ್ಕಾರ, ಈ ತಿಂಗಳು ಮುಗದ ಮ್ಯಾಲೆ ನಾ ಬರಂಗಿಲ್ರಿ."

"ಯಾಕೆ ಶಂಕ್ರವ್ವ? ಏನಾಯ್ತು? ಸಂಬಳ ಸಾಲ್ತಿಲ್ವಾ?"

"ಹಂಗೇನಿಲ್ರಿ."

"ಬೇರೆ ಕಡೆ ಒಪ್ಕೊಂಡ್ರಾ?"

"ಬೇಗೂರಾಗ ಒಂದು ಮನಿ ಹೇಳ್ಯಾರ್ರಿ."

ಶಂಕ್ರವ್ವ ಹೋಗುವ ಹೊತ್ತಾಗಿತ್ತು. ಆದರೂ ಮಗುವಿನ ತಲೆ ನೇವರಿಸುತ್ತಿದ್ದ ಕೈಯನ್ನು ಅವಳು ಬಹಳ ಹೊತ್ತು ತೆಗೆಯಲಿಲ್ಲ. ಹೋಗಲು ಮನಸ್ಸಿಲ್ಲದವಳು ಯಾಕೆ ಹೋಗುತ್ತಾಳೆ? ಹೇಮಶ್ರೀಗೆ ಕೇಳಬೇಕೆನಿಸಿತು. ಕೇಳಲಿಲ್ಲ. ಅವಳಿಗೆ ಬೇಸರವಾಗಿತ್ತು. ಕೊಂಚ ಕೋಪವೂ ಇತ್ತು.

ಮರುದಿನ ಬೆಳಿಗ್ಗೆ ಅವಳು ಕೆಳಗಿನ ಮನೆಯ ಮೀನಾಕ್ಷಮ್ಮನವರ ಬಾಗಿಲು ತಟ್ಟಿದಳು. ಅವರು ಗಾಂಧಿ ಬಜಾರಿನ ಆಡಿಟರ್ ಒಬ್ಬರ ಕಚೇರಿಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದವರು. ವಿಷಯ ಕೇಳಿ ರೇವಂತನೂ ಅಂಗಡಿ ತೆರೆಯುವ ಮುಂಚೆ ಅಲ್ಲಿಗೇ ಬಂದ.

"ನಾವೇನು ಕಡಿಮೆ ಮಾಡಿದ್ವಿ ಹೇಳಿ ಆಂಟಿ," ಎಂದಳು ಹೇಮಶ್ರೀ. "ಹಬ್ಬಕ್ಕೆ ಸೀರೆ ಕೊಟ್ವಿ. ಮಧ್ಯಾಹ್ನ ನಮ್ಮಲ್ಲೇ ಊಟ. ವಾರಕ್ಕೊಂದು ದಿನ ರಜೆ ಬೇರೆ."

"ಯಾವತ್ತಮ್ಮ ರಜೆ?"

"ಭಾನುವಾರ."

"ಭಾನುವಾರ ಅಲ್ಲ ಮೇಡಂ," ಎಂದ ರೇವಂತ್. "ಮಂಗಳವಾರ. ನಮ್ಮ ಅಂಗಡಿ ಮಂಗಳವಾರ ಮುಚ್ಚಿರುತ್ತಲ್ಲ, ಅವತ್ತು ಮಗೂನ ನಾವೇ ನೋಡ್ಕೋತೀವಿ."

"ಮಂಗಳವಾರ ನಮ್ಮನೇಲಿ ಧೃತಿ ಜೊತೆ ಇರ್ತಾರಲ್ಲ ಅವರು!"

"ಭಾನುವಾರ ನಮ್ಮನೇಲಿರ್ತಾರೆ. ಭಾನುವಾರನೇ ಅಲ್ವಾ ನಮಗೆ ಸಖತ್ ವ್ಯಾಪಾರ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಭಾನುವಾರ ಹೇಮಶ್ರೀಯ ಮನೆಯವರು ಬೆಳಿಗ್ಗೆಯೇ ಬಸವನಗುಡಿಯ ತವರಿಗೆ ಹೊರಟುಬಿಡುತ್ತಿದ್ದರು. ಎದುರು ಮನೆಯ ಬಾಗಿಲ ಹಿಂದೆ ಶಂಕ್ರವ್ವ ಇರುವುದು ಅವಳಿಗೆ ತಿಳಿಯಲೇ ಇಲ್ಲ. ಮಂಗಳವಾರ ರೇವಂತನ ಮನೆಯವರೂ ಮಗುವನ್ನು ಕರೆದುಕೊಂಡು ಹೊರಗೆ ಹೋಗುತ್ತಿದ್ದರಿಂದ ಅವರಿಗೂ ತಿಳಿಯಲಿಲ್ಲ. ಎರಡೂ ಮನೆಯವರು ರಜೆ ಕೊಟ್ಟಿದ್ದರು. ಶಂಕ್ರವ್ವನಿಗೆ ರಜೆಯೇ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಮೀನಾಕ್ಷಮ್ಮ ಶಂಕ್ರವ್ವನನ್ನು ಒಳಗೆ ಕರೆದು ಕೂರಿಸಿದರು.

"ಬೇಗೂರಿನಲ್ಲಿ ಯಾರಿದಾರಮ್ಮ ನಿಮಗೆ?"

"ನನ್ನ ತಂಗಿ ಅದಾಳ್ರಿ. ಗಾರ್ಮೆಂಟ್ಸ್‌ಗೆ ಹೋಗ್ತಾಳ. ಆಕಿಗೆ ಭಾನುವಾರ ಒಂದ ಸೂಟಿ." ಶಂಕ್ರವ್ವ ಸೆರಗಿನ ಅಂಚು ನೋಡುತ್ತಾ ಹೇಳಿದಳು. "ಇಬ್ಬರೂ ಕೂಡೇ ಈ ಊರಿಗೆ ಬಂದೇವ್ರಿ. ಕೂಡಿ ಕುಂತು ಒಂದು ರೊಟ್ಟಿ ಹರಕೊಂಡು ತಿಂದದ್ದು ಯುಗಾದಿಗೇ ಕಡೀರಿ. ಫೋನಿನಾಗ ಮಾತಾಡ್ತೇವಿ. ಫೋನಿನಾಗ ತಲಿ ಹಿಕ್ಕಿ ಜಡಿ ಹಾಕಾಕ ಬರತೈತೇನ್ರಿ?"

ಒಂದೇ ಊರು. ಎರಡು ಬಸ್ಸಿನ ದಾರಿ. ಅಕ್ಕ ತಂಗಿ ಒಬ್ಬರನ್ನೊಬ್ಬರು ನೋಡದೆ ಗಣೇಶನ ಹಬ್ಬವೂ ಕಳೆದುಹೋಗಿತ್ತು.

"ಒಂದು ಮಾತು ಕೇಳಬಾರದಿತ್ತಾ ಶಂಕ್ರವ್ವ?" ಎಂದಳು ಹೇಮಶ್ರೀ.

"ಕೇಳಿದ್ದೆ ಅಲ್ರಿ. ನೀವು ಸೂಟಿ ಕೊಟ್ಟೇವಿ ಅಂದ್ರಿ. ಅವ್ರೂ ಕೊಟ್ಟೇವಿ ಅಂದ್ರು. ಮತ್ತೇನು ಕೇಳಲ್ರಿ?"

ಹೇಮಶ್ರೀ ಎದ್ದು ಶಂಕ್ರವ್ವನ ಪಕ್ಕ ಹೋಗಿ ಕುಳಿತಳು. ಹೊರಗೆ ತರಕಾರಿ ಗಾಡಿಯವನು ಕೂಗುತ್ತಾ ಹೋದ.

ಮೀನಾಕ್ಷಮ್ಮ ರೇವಂತನತ್ತ ತಿರುಗಿ ಕೇಳಿದರು: "ಸಂಬಳ ಹೆಂಗೆ ಕೊಡ್ತೀರಪ್ಪ?"

"ಅರ್ಧರ್ಧ ಆಂಟಿ. ಒಬ್ಬ ಆಯಾಗೆ ಎಷ್ಟೋ ಅಷ್ಟರಲ್ಲಿ ಅರ್ಧ," ಎಂದ ರೇವಂತ್.

"ಒಂದು ಮಗುಗೆ ಕೊಡೋ ಸಂಬಳದಲ್ಲಿ ಅರ್ಧನಾ? ಮಕ್ಕಳು ಎರಡಿದಾವಲ್ಲ! ಒಂದು ಅತ್ತರೆ ಇನ್ನೊಂದೂ ಅಳುತ್ತೆ. ಒಂದಕ್ಕೆ ಉಣಿಸೋ ಹೊತ್ತಿಗೆ ಇನ್ನೊಂದು ಮೆಟ್ಟಿಲ ಹತ್ರ ಓಡಿರುತ್ತೆ. ಕೆಲಸ ಅರ್ಧ ಆಯ್ತಾ, ಜಾಸ್ತಿ ಆಯ್ತಾ?"

ರೇವಂತ್ ತಲೆ ಕೆರೆದುಕೊಂಡ.

"ಒಂದು ಲೆಕ್ಕ ಹೇಳ್ತೀನಿ. ಒಂದು ಮಗುಗೆ ಹದಿನೆಂಟು ಸಾವಿರ ಅಂತಿಟ್ಕೋ. ಎರಡು ಮಗು ಅಂದ್ರೆ ಇಪ್ಪತ್ತನಾಲ್ಕಾದರೂ ಆಗಬೇಕು. ಮನೆಗೆ ಹನ್ನೆರಡು. ಮನೆಗೊಬ್ಬ ಆಯಾ ಬೇರೆ ಬೇರೆ ಇಟ್ಕೊಂಡಿದ್ರೆ ಒಬ್ಬೊಬ್ಬರೂ ಹದಿನೆಂಟು ಕೊಡಬೇಕಿತ್ತು. ನಿಮಗೂ ಉಳೀತು, ಅವರಿಗೂ ನ್ಯಾಯ ಆಯ್ತು. ಮನೆಗೆಲಸಕ್ಕೆ ಸರ್ಕಾರ ಕನಿಷ್ಠ ವೇತನ ಗೊತ್ತು ಮಾಡಿದೆ. ಅದಕ್ಕಿಂತ ಕೆಳಗೆ ಇಳಿಯೋ ಹಾಗೇ ಇಲ್ಲ. ಈಗಿನ ದರ ಎಷ್ಟು ಅಂತ ಕಾರ್ಮಿಕ ಇಲಾಖೇಲಿ ಕೇಳಿದ್ರೆ ಹೇಳ್ತಾರೆ."

"ನಾವು ಊರಿಗೆ ಹೋದಾಗ ಆ ದಿನಗಳದ್ದು ಹಿಡ್ಕೊಂಡಿದ್ದೆ ಆಂಟಿ," ಎಂದಳು ಹೇಮಶ್ರೀ ಮೆಲ್ಲಗೆ. "ಮಗು ಇರಲಿಲ್ಲವಲ್ಲ ಅಂತ."

"ನೀನು ಊರಿಗೆ ಹೋದ್ರೆ ಅವರ ಮನೆ ಬಾಡಿಗೆ ನಿಲ್ಲುತ್ತೇನಮ್ಮ? ಅವರು ಕೆಲಸಕ್ಕೆ ತಯಾರಿದ್ರು. ನೀನು ಇರಲಿಲ್ಲ. ನಿನ್ನ ಕಾಲೇಜಿನವರು ಬೇಸಿಗೆ ರಜೇಲಿ ಸಂಬಳ ಹಿಡೀತಾರಾ?"

ಹೇಮಶ್ರೀ ಇಲ್ಲವೆಂದು ತಲೆಯಾಡಿಸಿದಳು.

"ನಾನಂತೂ ರೂಲ್ಸ್ ಪ್ರಕಾರನೇ ಆಂಟಿ," ಎಂದ ರೇವಂತ್, ತಾನಾದರೂ ಪಾರಾದೆನೆಂಬಂತೆ. "ಪ್ರತಿ ತಿಂಗಳು ಹತ್ತು ಪರ್ಸೆಂಟ್ ಟ್ಯಾಕ್ಸ್ ಕಟ್ ಮಾಡ್ತೀನಿ. ನಾಳೆ ಯಾರೂ ನನ್ನ ಕೇಳಬಾರದು ನೋಡಿ."

ಮೀನಾಕ್ಷಮ್ಮ ಕನ್ನಡಕ ತೆಗೆದು ಅವನನ್ನು ನೋಡಿದರು. "ಕಟ್ ಮಾಡಿದ್ದನ್ನ ಎಲ್ಲಿ ಕಟ್ಟಿದೆ?"

"ಇನ್ನೂ ಕಟ್ಟಿಲ್ಲ. ವರ್ಷದ ಕೊನೇಲಿ ಒಟ್ಟಿಗೆ..."

"ಯಾರ ಹೆಸರಲ್ಲಿ? ಅವರ ಪ್ಯಾನ್ ನಂಬರ್ ಕೇಳಿದೀಯಾ?"

"ಇಲ್ಲ."

"ಹಾಗಾದ್ರೆ ಅದು ತೆರಿಗೆ ಅಲ್ಲಪ್ಪ. ಅವರ ಸಂಬಳ. ನಿನ್ನ ಹತ್ರ ಸುಮ್ಮನೆ ಕೂತಿದೆ."

ರೇವಂತನ ಕಿವಿ ಕೆಂಪಾಯಿತು.

"ವರ್ಷದ ಒಟ್ಟು ಆದಾಯ ಮಿತಿ ದಾಟಿ ತೆರಿಗೆ ಬಂದ್ರೆ ಮಾತ್ರ ಸಂಬಳದಲ್ಲಿ ಹಿಡೀಬೇಕು. ಎರಡು ಮನೇದೂ ಕೂಡಿಸಿ ತಿಂಗಳಿಗೆ ಇಪ್ಪತ್ತನಾಲ್ಕು ಸಾವಿರ ಕೊಟ್ಟರೂ ಈಗಿನ ಮಿತಿಗಿಂತ ಕೆಳಗೇ ಇರುತ್ತೆ. ಒಂದು ರೂಪಾಯೀನೂ ಹಿಡಿಯೋ ಹಾಗಿಲ್ಲ. ಮಿತಿ ವರ್ಷ ವರ್ಷ ಬದಲಾಗಬಹುದು. ಅನುಮಾನ ಬಂದ್ರೆ ಗೊತ್ತಿರೋರನ್ನ ಕೇಳು, ನೀನೇ ಕತ್ತರಿ ಆಡಿಸಬೇಡ."

"ಹೋಗ್ಲಿ, ಅಂಗಡಿ ಖರ್ಚಲ್ಲಿ ತೋರಿಸಬಹುದಾ?"

"ಚಿರಂತ್ ನಿನ್ನ ಅಂಗಡೀಲಿ ಸೀರೆ ಮಾರ್ತಾನಾ?"

ಶಂಕ್ರವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅವಳ ಭುಜ ಅಲುಗುತ್ತಿತ್ತು. ರೇವಂತನಿಗೂ ನಗು ಬಂತು.

"ಮನೆ ಖರ್ಚು ಮನೆ ಖರ್ಚೇ," ಎಂದರು ಮೀನಾಕ್ಷಮ್ಮ. "ಇನ್ನು ಮುಂದೆ ಇಬ್ಬರೂ ಅವರ ಬ್ಯಾಂಕ್ ಖಾತೆಗೇ ಹಾಕಿ."

ಶಂಕ್ರವ್ವನ ನಗು ನಿಂತಿತು. "ಬ್ಯಾಂಕಿಗೆ ಬ್ಯಾಡ್ರಿ ಅಮ್ಮಾರ. ಬ್ಯಾಂಕಿಗೆ ಬಂದ್ರ ತೆರಿಗಿ ಹಾಕ್ತಾರಂತ."

"ಕೈಗೆ ಬಂದ್ರೂ ಬ್ಯಾಂಕಿಗೆ ಬಂದ್ರೂ ಆದಾಯ ಅಷ್ಟೇ ಅಲ್ವಾ? ಬ್ಯಾಂಕಿಗೆ ಬಂತು ಅಂತ ತೆರಿಗೆ ಹುಟ್ಟಲ್ಲ. ಆದ್ರೆ ಯಾರು ಎಷ್ಟು ಕೊಟ್ರು ಅನ್ನೋದಕ್ಕೆ ಪುರಾವೆ ಇರುತ್ತೆ. ಅಸಂಘಟಿತ ಕಾರ್ಮಿಕರಿಗೆ ಅಂತ ಸರ್ಕಾರದ ಇ-ಶ್ರಮ್ ಪಟ್ಟಿ ಇದೆ, ಅದರಲ್ಲೂ ಹೆಸರು ಬರೆಸೋಣ, ದುಡ್ಡೇನೂ ಕೊಡಬೇಕಾಗಿಲ್ಲ. ನಾನೇ ಕರ್ಕೊಂಡು ಹೋಗ್ತೀನಿ."

ಮನೆಗೆ ಹನ್ನೆರಡು ಸಾವಿರ ಕೊಡಲು ಇಬ್ಬರೂ ಒಪ್ಪಿದರು, ಆದರೂ ದೊಡ್ಡ ವಿಷಯ ಉಳಿದೇ ಇತ್ತು. ಭಾನುವಾರ ಅಂಗಡಿ ಮುಚ್ಚುವಂತಿಲ್ಲ. ಹಾಗಾದರೆ ಚಿರಂತ್ ಎಲ್ಲಿರಬೇಕು?

"ಒಂದು ಭಾನುವಾರ ನಮ್ಮನೇಲಿರಲಿ," ಎಂದಳು ಹೇಮಶ್ರೀ. "ನಾವು ಬಸವನಗುಡಿಗೆ ಸಂಜೆ ಹೋದ್ರಾಯ್ತು. ಇನ್ನೊಂದು ಭಾನುವಾರ ನಿಮ್ಮ ಮನೆಯವರು ಮನೇಲಿರ್ತಾರಾ?"

"ಇರ್ತಾಳೆ. ನಾನು ಒಬ್ಬನೇ ಅಂಗಡಿ ಸಂಭಾಳಿಸ್ತೀನಿ." ಆಮೇಲೆ ಶಂಕ್ರವ್ವನತ್ತ ತಿರುಗಿ ಅಂದ, "ಹಿಡಿದಿರೋದೆಲ್ಲ ಇವತ್ತೇ ವಾಪಸ್ ಕೊಡ್ತೀನಕ್ಕ. ಗೊತ್ತಾಗಲಿಲ್ಲ."

"ನಾನು ಹಿಡ್ಕೊಂಡಿದ್ದೂ ಕೊಡ್ತೀನಿ. ಇನ್ನಾದ್ರೂ ಇರ್ತೀರಾ ಶಂಕ್ರವ್ವ?"

ಹೇಮಶ್ರೀ ಹೀಗೆ ಕೇಳಿದಾಗ ಶಂಕ್ರವ್ವ ಎದ್ದು ಸೆರಗು ಸಿಕ್ಕಿಸಿದಳು. "ಮೊದಲ ತಂಗಿ ಮನಿಗೆ ಹೋಗಿ ಬರ್ತೀನ್ರಿ. ಆಮ್ಯಾಲೆ ಹೇಳ್ತೀನಿ."

ಆ ಭಾನುವಾರ ಹೇಮಶ್ರೀಯ ಮನೆಯಲ್ಲಿ ಎರಡು ಮಕ್ಕಳಿದ್ದವು. ಉಣಿಸುವುದು, ತೊಳೆಸುವುದು, ಬಿದ್ದವರನ್ನು ಎತ್ತುವುದು. ದೀಪಕ್ ಮಧ್ಯಾಹ್ನಕ್ಕೇ ಸೋತು ಕುಳಿತ. ಊಟವಾಗಿ ಮಲಗುವ ಹೊತ್ತಿಗೆ ಮಕ್ಕಳಿಬ್ಬರೂ ಬಾಗಿಲ ಬಳಿ ಹೋಗಿ ನಿಂತರು. "ಅವ್ವ," ಎಂದ ಚಿರಂತ್; ಮಕ್ಕಳು ಶಂಕ್ರವ್ವನನ್ನು ಕರೆಯುವುದೇ ಹಾಗೆ. ಧೃತಿ ಚಿಲಕದ ಕಡೆ ಕೈ ಚಾಚಿದಳು. ಹೇಮಶ್ರೀಯೂ ಆ ಬಾಗಿಲನ್ನೇ ನೋಡುತ್ತಾ ನಿಂತಳು. ಬೇಗೂರಿನಲ್ಲೂ ಒಬ್ಬಳು ಇಷ್ಟು ದಿನ ಹೀಗೇ ಬಾಗಿಲು ನೋಡಿರಬೇಕು ಎಂದು ಅವಳಿಗೆ ಅನಿಸಿತು. ಫೋನ್ ಮಾಡಿ ಕರೆಯಬೇಕೆನಿಸಿದರೂ ಮಾಡಲಿಲ್ಲ. ಆ ದಿನ ಶಂಕ್ರವ್ವನದು.

ಸೋಮವಾರ ಬೆಳಿಗ್ಗೆ ಶಂಕ್ರವ್ವ ಬಂದಳು. ಎಣ್ಣೆ ಹಚ್ಚಿ, ಬಿಗಿಯಾಗಿ ಹೆಣೆದ ಜಡೆ. ಅದು ಅವಳ ಕೈಯದಲ್ಲ, ನೋಡಿದರೆ ತಿಳಿಯುತ್ತಿತ್ತು.

"ಬೇಗೂರಿನ ಮನೆಯವರಿಗೆ ಏನು ಹೇಳಿದ್ರಿ?" ಹೇಮಶ್ರೀ ಬಾಗಿಲಲ್ಲೇ ಕೇಳಿದಳು.

"ಬರಂಗಿಲ್ಲ ಅಂದೆ ರೀ. ವಾರಾ ವಾರಾ ತಂಗೀನ್ನ ನೋಡಾಕ ಸಿಕ್ರ, ಈ ಕೂಸುಗಳ್ನ ಬಿಟ್ಟು ಅಲ್ಲ್ಯಾಕ ಹೋಗ್ಲಿ?"

ಓದುಗರೇ, ನಿಮ್ಮ ಮಗುವನ್ನು ಎತ್ತಿ ಆಡಿಸುವ ಕೈ ಇನ್ನೊಂದು ಮನೆಯ ಮಗುವನ್ನೂ ಎತ್ತುತ್ತಿದ್ದರೆ, ಇವತ್ತೇ ಆ ಮನೆಯ ಬಾಗಿಲು ತಟ್ಟಿ. ರಜೆ ಯಾವ ದಿನ ಎಂದು ಇಬ್ಬರೂ ಸೇರಿ ಗೊತ್ತು ಮಾಡಿ. ಅದು ಎರಡೂ ಮನೆಗೆ ಒಂದೇ ದಿನವಾಗಿರಲಿ. ಮಕ್ಕಳು ಎರಡಾದರೆ ಸಂಬಳವೂ ಏರಬೇಕು. ನೀವು ಊರಿಗೆ ಹೋದರೆ ಅವರ ಸಂಬಳ ಕಡಿತ ಮಾಡಬೇಡಿ. ತೆರಿಗೆಯ ಹೆಸರಿನಲ್ಲಿ ತೋಚಿದಷ್ಟು ಹಿಡಿಯಬೇಡಿ, ತಿಳಿದವರನ್ನು ಕೇಳಿ. ಅವರು ಏನೂ ಕೇಳುತ್ತಿಲ್ಲವೆಂದರೆ ಏನೂ ಬೇಡವೆಂದಲ್ಲ. ಒಮ್ಮೆ ಕೇಳಿ ಸುಮ್ಮನಾಗಿರಬಹುದು. ಈ ಸಲ ನೀವೇ ಕೇಳಿ.