ಅಪ್‌ಡೇಟ್ ಹಾಕಬೇಡ ಅಂದವನು

ಮುಳಬಾಗಿಲಿನ ಮಠದ ಹತ್ತಿರದ ಬೀದಿಯಲ್ಲಿ ವೆಂಕಟರಮಣಯ್ಯನವರ ಮನೆ. ಅದರ ಮುಂಗೋಣೆಯನ್ನೇ ಅಂಗಡಿ ಮಾಡಿಕೊಂಡು ಅವರ ಮಗಳು ಶ್ರೀಪ್ರಿಯಾ ಡಿಟಿಪಿ ಕೆಲಸ ನಡೆಸುತ್ತಿದ್ದಳು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಆರಾಧನೆಯ ಕರಪತ್ರ, ತಾಲೂಕು ಕಚೇರಿಗೆ ಹೋಗುವವರ ಅರ್ಜಿ, ಏನು ಬಂದರೂ ಟೈಪು ಮಾಡಿ ಕೊಡುತ್ತಿದ್ದಳು. 2006ನೇ ಇಸವಿಯ ಬೇಸಿಗೆ. ಊರಿಗೆ ಬ್ರಾಡ್‌ಬ್ಯಾಂಡ್ ಆಗತಾನೇ ಬಂದಿತ್ತು.

ಇಂಟರ್‌ನೆಟ್ ಸಂಪರ್ಕ ಕೊಟ್ಟ ವಾರದಲ್ಲೇ ಕಂಪ್ಯೂಟರಿನ ಪರದೆಯ ಕೆಳಗಿನ ಮೂಲೆಯಲ್ಲಿ ಒಂದು ಹಳದಿ ಗುರಾಣಿ ಕಾಣಿಸಿಕೊಂಡಿತು. ಅಪ್‌ಡೇಟ್ ಸಿದ್ಧವಾಗಿದೆ, ಹಾಕಲೇ ಎಂದು ಕೇಳುತ್ತಿತ್ತು. ಬೇಡ ಎಂದರೆ ಮರೆಯಾಗಿ ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿತ್ತು.

ವೆಂಕಟರಮಣಯ್ಯ ಸಹಕಾರ ಸಂಘವೊಂದರಲ್ಲಿ ಲೆಕ್ಕ ನೋಡಿ ನಿವೃತ್ತರಾದವರು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎನ್ನುವ ಗಾದೆ ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರಲೇಬೇಕು. ಹಾಲಿನವನು ಅಳೆಯುವಾಗ ಪಕ್ಕದಲ್ಲೇ ನಿಲ್ಲುವರು. ಗ್ಯಾಸ್ ಸಿಲಿಂಡರನ್ನು ಎತ್ತಿ ಅಲ್ಲಾಡಿಸಿ ನೋಡಿಯೇ ಒಳಗೆ ಬಿಟ್ಟುಕೊಳ್ಳುವರು. ಹಳದಿ ಗುರಾಣಿಯನ್ನು ಕನ್ನಡಕ ಏರಿಸಿಕೊಂಡು ನೋಡಿದರು.

"ಇದನ್ನ ಯಾರು ಕಳಿಸ್ತಾರಮ್ಮ?"

"ಕಂಪ್ಯೂಟರ್ ನಡೆಸೋ ಆಪರೇಟಿಂಗ್ ಸಿಸ್ಟಂ ಅಂತ ಇರುತ್ತಲ್ಲಪ್ಪ, ಅದನ್ನ ಮಾಡಿದ ಕಂಪನಿಯವರು. ಎಲ್ಲಾದ್ರೂ ತೂತು ಬಿದ್ದಿದ್ರೆ ಮುಚ್ಚೋಕೆ."

"ಎಲ್ಲೋ ಕೂತವರು, ಮುಖ ನೋಡಿಲ್ಲ ಮೋರೆ ನೋಡಿಲ್ಲ. ನಮ್ಮನೆ ಒಳಗೆ ಬಂದು ತೂತು ಮುಚ್ಚಿ ಹೋಗ್ತಾರೆ ಅಂತಿದ್ದೀಯ. ಮುಚ್ಚೋಕೆ ಬರೋನು ಕೊರೆದು ಹೋಗಲ್ಲ ಅಂತ ಏನ್ ಗ್ಯಾರಂಟಿ?"

ಶ್ರೀಪ್ರಿಯಾ ಕೋಲಾರಕ್ಕೆ, ಮುಕುಂದನಿಗೆ ಫೋನು ಮಾಡಿದಳು.

ಮುಕುಂದ ಅವಳ ಸೋದರತ್ತೆ ಶ್ಯಾಮಲಮ್ಮನ ಮಗ. ಕೋಲಾರದಲ್ಲಿ ಕಂಪ್ಯೂಟರ್ ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಇವಳ ಕಂಪ್ಯೂಟರನ್ನು ಜೋಡಿಸಿ ತಂದುಕೊಟ್ಟವನೂ ಅವನೇ. ಆ ದಿನ ವೆಂಕಟರಮಣಯ್ಯ ಎಂದಿನಂತೆ, "ಒಳಗಿರೋದೆಲ್ಲ ಅಸಲಿ ತಾನೇ?" ಎಂದು ಕೇಳಿದ್ದರು. "ಏನ್ ಮಾವ ನೀವು, ನಮ್ಮನೆ ಹುಡುಗಿಗೆ ನಕಲಿ ಕೊಡ್ತೀನಾ?" ಎಂದು ಅವನು ನಕ್ಕಿದ್ದ. ನಮ್ಮನೆ ಹುಡುಗಿ ಎಂದ ರೀತಿಗೆ ಶ್ರೀಪ್ರಿಯಾಳ ತಾಯಿ ತಿರುಮಲಮ್ಮನೂ ಒಳಗೆ ನಕ್ಕಿದ್ದರು. ಮಗಳಿಗೂ ನಾದಿನಿಯ ಮಗನಿಗೂ ಮದುವೆ ಮಾಡುವ ಮಾತು ಆಗಲೇ ಎರಡೂ ಮನೆಗಳಲ್ಲಿ ಎದ್ದಿತ್ತು. ಮುಂದಿನ ಮಾಘದಲ್ಲಿ ಎಂದು ಬಾಯಿಮಾತಿನಲ್ಲಿ ನಿಶ್ಚಯವೂ ಆಗಿತ್ತು. ಅವನೆಂದರೆ ಶ್ರೀಪ್ರಿಯಾಳಿಗೆ ಇಷ್ಟವೇ. ಚಿಕ್ಕಂದಿನಿಂದ ಒಬ್ಬರನ್ನೊಬ್ಬರು 'ನೀನು' ಎಂದೇ ಬೆಳೆದವರು. ಈಗ 'ನೀವು' ಅನ್ನು ಎಂದು ತಾಯಿ ತಿದ್ದಿದರೂ ಅವಳ ನಾಲಿಗೆ ಹೊರಳುತ್ತಿರಲಿಲ್ಲ.

"ಒತ್ತಬೇಡ ಕಣೇ," ಎಂದ ಮುಕುಂದ. "ಏನೇ ಕೇಳಿದ್ರೂ ಬೇಡ ಅನ್ನು. ಅಪ್‌ಡೇಟ್ ಹಾಕಿದ್ರೆ ನಿನ್ನ ಕನ್ನಡ ಅಕ್ಷರ ಎಲ್ಲ ಕೆಟ್ಟು ಕೂರುತ್ತೆ. ಆಮೇಲೆ ಲಗ್ನಪತ್ರಿಕೆಯೋರ ಕೈಲಿ ಬೈಸಿಕೊಳ್ತೀಯ."

ವೆಂಕಟರಮಣಯ್ಯನವರಿಗೆ ಬಹಳ ಖುಷಿಯಾಯಿತು. "ನೋಡಿದ್ಯಾ? ನಾನು ಹೇಳಿದ್ದನ್ನೇ ಅವನೂ ಹೇಳ್ದ. ಬುದ್ಧಿವಂತ."

ಅಪ್ಪನ ಅನುಮಾನ ಅವಳಿಗೆ ಹೊಸದಲ್ಲ. ಮುಕುಂದನ ಮಾತೇ ಯಾಕೋ ಸರಿಯಾಗಿ ಕೂರಲಿಲ್ಲ. ಯಾಕೆ ಏನು ಎಂದು ಒಂದು ಮಾತೂ ಕೇಳದೆ ಅಷ್ಟು ಬೇಗ ಬೇಡ ಎಂದಿದ್ದ. ಮುಂದಿನ ಭಾನುವಾರ ಫೋನು ಮಾಡಿದಾಗ ಅದೂ ಇದೂ ಮಾತಾಡಿ, ಕೊನೆಗೆ ತಾನಾಗಿಯೇ, "ಅದನ್ನ ಒತ್ತಿಲ್ಲ ತಾನೇ?" ಎಂದ. ಅದರ ಮುಂದಿನ ಸಲವೂ ಕೇಳಿದ. ಕಂಪ್ಯೂಟರ್ ಹೇಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಇವನಿಗ್ಯಾಕೆ ಇದರ ಮೇಲೆ ಇಷ್ಟು ಕಣ್ಣು ಎಂಬ ಯೋಚನೆ ಲಗ್ನಪತ್ರಿಕೆಯ ಹೆಸರುಗಳನ್ನು ಟೈಪು ಮಾಡುವಾಗಲೂ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಅಪ್ಪ ಊಟ ಮಾಡಿ ಮಲಗಿದ್ದರು. ಮಾಡಿದ ಕೆಲಸವನ್ನೆಲ್ಲ ಸಿಡಿಗೆ ಬರೆದಿಟ್ಟುಕೊಂಡು ಶ್ರೀಪ್ರಿಯಾ ಹಳದಿ ಗುರಾಣಿಯನ್ನು ಒತ್ತಿಬಿಟ್ಟಳು.

ಇಳಿಯಲು ಬಹಳ ಹೊತ್ತು ಹಿಡಿಯಿತು. ಯಂತ್ರ ಆರಿ ಮತ್ತೆ ಹತ್ತಿಕೊಂಡಿತು. ಅವಳು ಮೊದಲು ತೆರೆದದ್ದು ಕನ್ನಡ ಅಕ್ಷರಗಳನ್ನು. ಒತ್ತು, ದೀರ್ಘ, ಯಾವುದೂ ಕೆಟ್ಟಿರಲಿಲ್ಲ. ಉಸಿರು ಬಿಡುವಷ್ಟರಲ್ಲಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸೂಚನೆ ಮೂಡಿತು. ಅವಳು ನಿಧಾನವಾಗಿ ಓದಿಕೊಂಡಳು. ಈ ಪ್ರತಿ ಅಸಲಿಯಲ್ಲ, ನಕಲಿ ಮಾರುವವರಿಂದ ನೀವು ಮೋಸಹೋಗಿರಬಹುದು ಎಂದಿತ್ತು.

ಮುಕುಂದನ ಮೊಬೈಲಿಗೆ ಫೋನು ಮಾಡಿ, "ಪರದೆ ಮೇಲೆ ಏನೋ ಬಂದಿದೆ" ಎಂದಷ್ಟೇ ಹೇಳಿದಳು.

"ಒತ್ತಿಬಿಟ್ಯಾ?" ಎಂದ ಅವನು.

ಏನು ಬಂದಿದೆ ಎಂದು ಅವನು ಕೇಳಲೇ ಇಲ್ಲ. ಅವಳೇ ಓದಿ ಹೇಳಿದಳು. ಮುಕುಂದ ನಕ್ಕ. "ಅಯ್ಯೋ, ಅದು ಎಲ್ಲರಿಗೂ ಬರುತ್ತೆ ಕಣೇ. ಅಪ್‌ಡೇಟ್ ಹಾಕಿದ್ರೆ ಅಸಲಿನೂ ನಕಲಿ ಅನ್ನುತ್ತೆ. ಹೆದರಿಸಿ ಇನ್ನೊಂದು ಮಾರೋಕೆ ಅವರ ಆಟ. ಅದಕ್ಕೇ ಬೇಡ ಅಂದಿದ್ದು. ಭಾನುವಾರ ಬಂದು ಸರಿಮಾಡ್ತೀನಿ ಬಿಡು."

ಎದ್ದು ಬಂದ ವೆಂಕಟರಮಣಯ್ಯ ಸೂಚನೆಯನ್ನು ಎರಡೆರಡು ಸಲ ಓದಿದರು. "ಹೊರಗಿನವರನ್ನ ಒಳಗೆ ಬಿಟ್ರೆ ಹೀಗೇ ಆಗೋದು. ಮನೆ ಹುಡುಗನ ಮೇಲೇ ಚಾಡಿ ಹೇಳ್ತಾ ಇದೆ ನೋಡು."

ಅಪ್ಪ ಹೇಳುವುದೂ ನಿಜವಿರಬಹುದು. ಯಾವುದೋ ದೂರದ ಕಂಪನಿಯ ಮಾತು ನಂಬಿ ಅತ್ತೆಯ ಮಗನನ್ನು ಅನುಮಾನಿಸುವುದೇ? ಎರಡು ದಿನ ಅವಳಿಗೆ ಊಟ ರುಚಿಸಲಿಲ್ಲ. ಸೂಚನೆ ಮಾತ್ರ ಆಗಾಗ ಎದ್ದು ಅದನ್ನೇ ಹೇಳುತ್ತಿತ್ತು. ಗಿರಾಕಿಗಳು ಕೂತಿದ್ದಾಗ ಬಂದರೆ ಪರದೆಗೆ ಅಡ್ಡ ನಿಲ್ಲುತ್ತಿದ್ದಳು.

ಮೂರನೆಯ ದಿನ ಪೇಪರ್ ತರುವುದಿದೆ ಎಂದು ಮನೆಯಲ್ಲಿ ಹೇಳಿ ಶ್ರೀನಿವಾಸಪುರದ ಬಸ್ಸು ಹತ್ತಿದಳು. ಅಲ್ಲಿ ಅವಳ ಕಾಲೇಜಿನ ಗೆಳತಿ ರಜನಿ ಇಂಥದೇ ಅಂಗಡಿ ಇಟ್ಟಿದ್ದಳು. ರಜನಿಗೂ ಕಂಪ್ಯೂಟರ್ ಕೊಟ್ಟವನು ಮುಕುಂದನೇ. ಶ್ರೀಪ್ರಿಯಾಳೇ ಹೇಳಿ ಕೊಡಿಸಿದ್ದಳು.

ಮಾವಿನ ಕಾಲ. ಬಸ್‌ಸ್ಟ್ಯಾಂಡಿನಿಂದಲೇ ಹಣ್ಣಿನ ವಾಸನೆ, ರಸ್ತೆಯುದ್ದಕ್ಕೂ ಲಾರಿ, ತೆಲುಗು ಕನ್ನಡ ಕಲೆಸಿದ ಕೂಗಾಟ. ರಜನಿಯ ಅಂಗಡಿ ಒಂದು ಮಾವು ವರ್ತಕರ ಕಚೇರಿಯ ಪಕ್ಕದ ಕೋಣೆ.

"ಅಪ್‌ಡೇಟಾ?" ಎಂದಳು ರಜನಿ. "ನಂಗೂ ಹಾಕಬೇಡಿ ಅಂತಲೇ ಹೇಳಿದ್ದಾರೆ ನಿಮ್ಮ ಬಾವ. ಹಾಕಿಲ್ಲಮ್ಮ ತಾಯಿ. ಹಾಕ್ದೇ ಇದ್ದಿದ್ದಕ್ಕೆ ಏನಾಯ್ತು ಅಂತ ಕೇಳು. ಎರಡು ಸಲ ವೈರಸ್ ಬಂತು. ಅವರೇ ಬಂದು ಎಲ್ಲ ಅಳಿಸಿ ಹೊಸದಾಗಿ ಹಾಕಿ ಹೋದ್ರು. ನಾನು ಮಾಡಿಟ್ಟ ಡಿಸೈನ್ ಒಂದೂ ಉಳಿಲಿಲ್ಲ. ಯುಗಾದಿ ಸಮಯದಲ್ಲಿ ಕೂತು ಅತ್ತುಬಿಟ್ಟೆ ಕಣೇ. ನಿಮ್ಮೋರು ಅಂತ ನಿಂಗೆ ಹೇಳ್ಲಿಲ್ಲ."

ಶ್ರೀಪ್ರಿಯಾ ಅವಳ ಕಂಪ್ಯೂಟರಿನ ವಿವರ ತೋರಿಸುವ ಕಿಟಕಿಯನ್ನು ತೆರೆದಳು. ಆಪರೇಟಿಂಗ್ ಸಿಸ್ಟಂ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬ ಜಾಗದಲ್ಲಿ ಚೆನ್ನೈನ ಯಾವುದೋ ಕಂಪನಿಯ ಹೆಸರಿತ್ತು. ಮುಳಬಾಗಿಲಿನ ತನ್ನ ಯಂತ್ರದಲ್ಲೂ ಅದೇ ಹೆಸರು. ಇಷ್ಟು ದಿನ ಅದು ಕಂಪ್ಯೂಟರ್ ತಯಾರಿಸಿದವರ ಹೆಸರೆಂದು ಅವಳು ತಿಳಿದಿದ್ದಳು. ಯಾರದೋ ಒಂದು ಪ್ರತಿಯನ್ನು ಮುಕುಂದ ಎಲ್ಲರಿಗೂ ಹಂಚಿದ್ದ.

ಆದರೂ ಒಂದು ಅನುಮಾನ ಉಳಿದಿತ್ತು. "ಅಪ್‌ಡೇಟ್ ಹಾಕಿದ್ರೆ ಅಸಲಿನೂ ನಕಲಿ ಅನ್ನುತ್ತಂತೆ, ಹೌದಾ?"

ರಜನಿ ಅವಳನ್ನು ಪಕ್ಕದ ಕಚೇರಿಗೆ ಕರೆದುಕೊಂಡು ಹೋದಳು. ವರ್ತಕರ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಸೀಲಾಗಿಯೇ ಬೆಂಗಳೂರಿನಿಂದ ಬಂದದ್ದು. ಅಲ್ಲಿ ಕೆಲಸಕ್ಕಿದ್ದ ಆಂಜಿ ತಲೆ ಎತ್ತದೆ ಹೇಳಿದ: "ಅಪ್‌ಡೇಟ್ ಬಂದ್ರೆ ಹಾಕ್ತಾ ಇರ್ತೀನಿ ಅಕ್ಕ. ಹಾಕುವಾಗ ಬೇಜಾರು, ಟೈಮ್ ತಿನ್ನುತ್ತೆ. ನಕಲಿ ಗಿಕಲಿ ಅಂತ ಯಾವತ್ತೂ ಬಂದಿಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ಕೋಪಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ರಜನಿ ಅತ್ತದ್ದು ಇವಳ ಮಾತು ನಂಬಿದ್ದರಿಂದ.

ಭಾನುವಾರ ಮುಕುಂದ ಬಂದ. ಅಂಗಡಿಯಲ್ಲಿ ಇಬ್ಬರೇ ಇದ್ದಾಗ ಅವಳು ಶ್ರೀನಿವಾಸಪುರದಲ್ಲಿ ಕಂಡದ್ದನ್ನೆಲ್ಲ ಹೇಳಿದಳು. ಅವನ ಮುಖ ಒಂದು ಕ್ಷಣ ಕಪ್ಪಿಟ್ಟಿತು.

"ಹೌದು, ನಕಲಿನೇ," ಎಂದ. "ಕೋಲಾರದಲ್ಲಿ ಅಸಲಿ ಹಾಕೋನು ಒಬ್ಬನ್ನ ತೋರ್ಸು ನೋಡೋಣ. ಎಲ್ಲರೂ ಹಾಕೋದು ಅದನ್ನೇ."

"ಎಲ್ಲರೂ ಹಾಕೋದನ್ನೇ ಹಾಕಿದ್ದೀನಿ ಅಂದಿದ್ರೆ ನಾನು ಏನೂ ಅಂತಿರ್ಲಿಲ್ಲ. ಅಸಲಿ ಅಂತ ಯಾಕೆ ಹೇಳ್ದೆ? ಅಕ್ಷರ ಕೆಡುತ್ತೆ ಅಂತ ಯಾಕೆ ಹೆದರಿಸ್ದೆ? ನಿನ್ನ ಗುಟ್ಟು ಉಳೀಲಿ ಅಂತ ರಜನಿ ಕೆಲಸ ಎಲ್ಲ ಹಾಳಾಯ್ತಲ್ಲ."

ಮುಕುಂದ ಚೀಲದಿಂದ ಹೊಸ ಪೆಟ್ಟಿಗೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಇಗೋ, ಅಸಲಿ. ನಿನಗೋಸ್ಕರ ತಂದಿದ್ದೀನಿ. ತಪ್ಪಾಯ್ತು ಕಣೇ. ಇಲ್ಲಿಗೆ ಬಿಡು."

ಅವನ ದನಿಯಲ್ಲಿ ನಿಜವಾದ ನೋವಿದೆ ಎನ್ನಿಸಿತು. ಅವಳ ಮನಸ್ಸು ಕರಗಿತು. "ರಜನಿಗೂ ಸರಿಮಾಡಿ ಕೊಡು. ಅಪ್ಪನಿಗೆ ನೀನೇ ಹೇಳು. ನಾನು ಹೇಳಿದ್ರೆ ಚಾಡಿ ಆಗುತ್ತೆ. ಅಷ್ಟು ಮಾಡು, ಸಾಕು."

"ಹೇಳ್ತೀನಿ," ಎಂದ ಮುಕುಂದ. ಕೂತು ಹಳೆಯದನ್ನು ತೆಗೆದು ಹೊಸದನ್ನು ಹಾಕಿದ. ಇಬ್ಬರೂ ಮೊದಲಿನಂತೆ ಮಾತಾಡಿದರು, ನಕ್ಕರು ಕೂಡ.

ಊಟಕ್ಕೆ ಕೂತಾಗ ವೆಂಕಟರಮಣಯ್ಯ ತಾವೇ ಕೇಳಿದರು. "ಸರಿಹೋಯ್ತೇನಪ್ಪ? ಏನಾಗಿತ್ತು?"

ತಿಳಿಸಾರು ಬಡಿಸುತ್ತಿದ್ದ ಶ್ರೀಪ್ರಿಯಾ ಸೌಟು ಹಿಡಿದು ನಿಂತಳು. ಮುಕುಂದ ಅನ್ನ ಕಲೆಸುತ್ತಾ, "ಏನಿಲ್ಲ ಮಾವ," ಎಂದ. "ಹಳೇದರ ಅವಧಿ ಮುಗೀತಾ ಬಂದಿತ್ತು. ಪ್ರಿಯಾ ಅವಸರ ಪಟ್ಟು ಅಪ್‌ಡೇಟ್ ಒತ್ತಿದ್ಲು ನೋಡಿ, ಕೆಟ್ಟುಹೋಯ್ತು. ಪಾಪ, ಅವಳಿಗೇನು ಗೊತ್ತಾಗುತ್ತೆ? ನಾನೇ ಹೊಸದು ಹಾಕಿದ್ದೀನಿ." ಹೇಳುತ್ತಲೇ ಅವಳತ್ತ ನೋಡಿ, ಮಾವನಿಗೆ ಕಾಣದಂತೆ ಒಂದು ಕಣ್ಣು ಮಿಟುಕಿಸಿದ.

ಒಂದು ಕಡೆಯೂ ತಡವರಿಸದೆ ಹೇಳಿದ್ದ. ಗೊತ್ತಿಲ್ಲದಿದ್ದರೆ ತಾನೂ ನಂಬುತ್ತಿದ್ದೆ ಎಂದು ಅವಳಿಗೆ ಅನ್ನಿಸಿತು. ಅವಳನ್ನು ನಿಜವಾಗಿ ಹೆದರಿಸಿದ್ದು ಅದೇ.

"ಸುಳ್ಳು," ಎಂದಳು. ಸೌಟನ್ನು ಪಾತ್ರೆಯಲ್ಲಿಟ್ಟು, ನಿಂತಲ್ಲೇ ಎಲ್ಲವನ್ನೂ ಹೇಳಿದಳು.

ತಿರುಮಲಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ವೆಂಕಟರಮಣಯ್ಯ ಮಗಳ ಮಾತು ಮುಗಿಯುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ಕೇಳಿದರು: "ಹೌದೇನೋ ಮುಕುಂದ?"

"ಇಷ್ಟು ಸಣ್ಣ ವಿಷಯ ಮಾವ. ನೀವು ಬೇಜಾರು ಮಾಡ್ಕೊಳ್ತೀರ ಅಂತ..."

"ಅವಳಿಗೇನು ಗೊತ್ತಾಗುತ್ತೆ ಅಂದ್ಯಲ್ಲ, ಅದೂ ನನ್ನ ಬೇಜಾರಿಗೇನಾ?"

ಮುಕುಂದ ಮಜ್ಜಿಗೆಗೆ ಕಾಯದೆ ಎದ್ದು ಕೈ ತೊಳೆದುಕೊಂಡು ಬಸ್ಸಿಗೆ ಹೋದ.

ಮದುವೆ ಬೇಡ ಎಂದು ಶ್ರೀಪ್ರಿಯಾ ಹೇಳಿದಾಗ ಮನೆಯಲ್ಲಿ ದೊಡ್ಡ ಗಲಾಟೆಯಾಯಿತು. ಶ್ಯಾಮಲಮ್ಮ ಕೋಲಾರದಿಂದ ಬಂದು ಹೊಸ್ತಿಲಲ್ಲೇ ಕೂತರು. "ಕಂಪ್ಯೂಟರ್ ಕೆಟ್ಟಿತು ಅಂತ ಯಾರಾದ್ರೂ ಹುಡುಗನ್ನ ಬೇಡ ಅಂತಾರೇನೇ? ಕುಡೀತಾನಾ, ಇಸ್ಪೀಟಾಡ್ತಾನಾ? ಹೇಳು!" ಎಂದು ಕೇಳಿದರು. ಕೇಳಿದವರಿಗೆಲ್ಲ ಅವರ ಮಾತೇ ಸರಿ ಎನ್ನಿಸಿತು. ತಿರುಮಲಮ್ಮ ಕೂಡ ಒಂದು ತಿಂಗಳು ಮಗಳೊಡನೆ ಮುಖ ಕೊಟ್ಟು ಮಾತಾಡಲಿಲ್ಲ.

ಮುಕುಂದನಿಗೆ ಅದೇ ಮಾಘದಲ್ಲಿ ಮಾಲೂರಿನ ಹುಡುಗಿಯೊಡನೆ ಮದುವೆಯಾಯಿತು. ಅವನ ಅಂಗಡಿಗೂ ಏನೂ ಆಗಲಿಲ್ಲ, ಚೆನ್ನಾಗಿಯೇ ನಡೆಯಿತು. ರಜನಿಗೆ ಅವನು ಏನೂ ಸರಿಮಾಡಿ ಕೊಡಲಿಲ್ಲ. ಶ್ರೀಪ್ರಿಯಾ ಶ್ರೀನಿವಾಸಪುರಕ್ಕೆ ಹೋಗಿ ಅವಳೊಡನೆ ಕೂತು, ಹೋದ ಡಿಸೈನುಗಳಲ್ಲಿ ನೆನಪಿದ್ದಷ್ಟನ್ನು ಮತ್ತೆ ಮಾಡಿಸಿದಳು.

ಅತ್ತೆಯ ಮನೆಯ ಲಗ್ನಪತ್ರಿಕೆ ಅಂಚೆಯಲ್ಲಿ ಬಂದ ದಿನ ವೆಂಕಟರಮಣಯ್ಯ ಅಂಗಡಿಯೊಳಗೆ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. ಹಾಲಿನವನಿಂದ ಹಿಡಿದು ಎಲ್ಲರನ್ನೂ ಅನುಮಾನಿಸಿದ ಅವರು ತಂಗಿಯ ಮಗನನ್ನು ಮಾತ್ರ ಬಿಟ್ಟಿದ್ದರು. ಅದು ಅವರನ್ನು ಒಳಗೇ ಕೊರೆಯುತ್ತಿತ್ತು. ಕೊನೆಗೆ ಕೇಳಿದರು:

"ಅವನು ಇದೊಂದರಲ್ಲೇ ಸುಳ್ಳು ಹೇಳಿರಬಹುದು ಅಲ್ವೇನಮ್ಮ?"

"ಇರಬಹುದಪ್ಪ," ಎಂದಳು ಶ್ರೀಪ್ರಿಯಾ. "ಆದ್ರೆ ಹೌದೋ ಅಲ್ವೋ ಅಂತ ನಾನು ದಿನಾ ನೋಡ್ತಾ ಕೂರಬೇಕಾಗಿತ್ತಲ್ಲ. ಅದು ನನ್ನ ಕೈಲಾಗ್ತಿರ್ಲಿಲ್ಲ."

ಅವರು ತಲೆಯಾಡಿಸಿದರು. ಬಾಗಿಲಲ್ಲಿ ಯಾರೋ ಅರ್ಜಿ ಬರೆಸಲು ಬಂದು ನಿಂತಿದ್ದರು. ಸ್ಟೂಲು ಬಿಟ್ಟುಕೊಟ್ಟು ಅವರು ಒಳಗೆ ಹೋದರು.